ಎರಡು ವರ್ಷ ಪಟಿಕ ಹಚ್ಚಿದ ಗಾಯ

ನಮ್ಮಿಬ್ಬರ ಅಂಗಡಿಗಳ ನಡುವೆ ಇರುವುದು ಒಂದೇ ಗೋಡೆ. ಈಚೆಗೆ ನನ್ನ ಕನ್ನಡಕದ ಅಂಗಡಿ, ಆಚೆಗೆ ಬೆಣ್ಣೆಯಣ್ಣನ ಕ್ಷೌರದ ಅಂಗಡಿ. ಬೆಣ್ಣೆಯಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗಡ್ಡ ತೆಗೆಯುತ್ತಾನೆ ಎಂದು ಹಿಂದೆಂದೋ ಒಬ್ಬ ಗಿರಾಕಿ ಹೊಗಳಿದ, ಆ ಹೊಗಳಿಕೆಯೇ ಹೆಸರಾಯಿತು. ನಾನೋ ಹುಟ್ಟು ಪುಕ್ಕಲ. ಹಲ್ಲಿನ ಡಾಕ್ಟರು ಬಾಯಿ ತೆರೆಯಿರಿ ಅಂದರೆ ಮೊದಲು ಬಾಗಿಲು ಎಲ್ಲಿದೆ ಅಂತ ನೋಡುವವನು. ಅಂಥವನು ಇಪ್ಪತ್ತೆಂಟು ವರ್ಷ, ವಾರಕ್ಕೆ ಮೂರು ಸಲ, ಅವನ ಕುರ್ಚಿಯಲ್ಲಿ ಕತ್ತು ಎತ್ತಿ ಕಣ್ಣು ಮುಚ್ಚಿ ಕೂತಿದ್ದೇನೆ. ಎಷ್ಟೋ ಸಲ ಗೊರಕೆ ಹೊಡೆದದ್ದೂ ಉಂಟಂತೆ.

ಹಾಗಾಗಿ ಒಂದು ಸೋಮವಾರ ಬೆಳಿಗ್ಗೆ ಅವನು, ಇನ್ನು ಮೇಲೆ ಕಟಿಂಗ್ ಮಾತ್ರ, ಶೇವಿಂಗ್ ಮಾಡುವುದಿಲ್ಲ ಅಂದಾಗ ನನಗೆ ಸಿಟ್ಟು ನೆತ್ತಿಗೇರಿತು. ಬೋರ್ಡಿನಲ್ಲಿದ್ದ ಶೇವಿಂಗ್ ಎಂಬ ಪದದ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಬೆನ್ನು ಮೇಲಾಗಿ ಅಂಟಿಸಿಯೂ ಆಗಿತ್ತು. ಕಾರಣ ಕೇಳಿದರೆ ವಯಸ್ಸಾಯಿತು ಅಂದ. ಐವತ್ತೇಳು ಒಂದು ವಯಸ್ಸೇ? ನಾನು ಮುನಿಸಿಕೊಂಡು ಒಂದು ವಾರ ಅವನ ಕಡೆ ತಲೆಹಾಕಲಿಲ್ಲ. ಮನೆಯಲ್ಲಿ ನಾನೇ ಗಡ್ಡ ಮಾಡಿಕೊಳ್ಳಲು ಹೋಗಿ ಗಲ್ಲದ ಮೇಲೆ ಮೂರು ಕಡೆ ಕುಯ್ದುಕೊಂಡೆ. ಎಂಟನೆಯ ದಿನ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಜಗಳ ಆಡಿಯೇ ಬಿಡೋಣವೆಂದು ಹೋದೆ.

ಅವನು ಜಗಳಕ್ಕೆ ಅವಕಾಶವನ್ನೇ ಕೊಡಲಿಲ್ಲ. ನನ್ನ ಗಲ್ಲ ನೋಡಿದವನೇ ಮುಖ ಸಣ್ಣಗೆ ಮಾಡಿಕೊಂಡು ಶಟರನ್ನು ಅರ್ಧ ಎಳೆದ. ಕನ್ನಡಿಯ ಕೆಳಗಿನ ಡ್ರಾಯರಿನಿಂದ ಪಟಿಕದ ಕಲ್ಲು ತೆಗೆದು ನನ್ನ ಕೈಗಿಟ್ಟ. ಗಡ್ಡ ಮಾಡುವಾಗ ಎಲ್ಲಾದರೂ ಗೀರಿದರೆ ರಕ್ತ ನಿಲ್ಲಲೆಂದು ಒರೆಸುವ ಕಲ್ಲು ಅದು. ಸೋಪಿನಷ್ಟು ದಪ್ಪ ಇರಬೇಕಾದದ್ದು ಬಿಸ್ಕತ್ತಿನ ಹಾಗೆ ಸವೆದುಹೋಗಿತ್ತು. ಇದು ಗಿರಾಕಿಗಳಿಗೆ ಸವೆದದ್ದಲ್ಲ, ನನಗೇ ಸವೆದದ್ದು ಅಂದ.

ಹದಿನಾರನೆಯ ವಯಸ್ಸಿನಿಂದ ಬೆಣ್ಣೆಯಣ್ಣನ ಮುಖಕ್ಕೆ ಅವನದಲ್ಲದ ಕೈ ತಾಗಿಲ್ಲ. ಅಂಗಡಿ ತೆರೆಯುವ ಮೊದಲು ಮೊದಲ ಕನ್ನಡಿಯ ಮುಂದೆ ನಿಂತು ತಾನೇ ಗಡ್ಡ ಮಾಡಿಕೊಳ್ಳುತ್ತಾನೆ. ಎರಡು ವರ್ಷದಿಂದ ಹಾಗೆ ಮಾಡಿಕೊಳ್ಳುವಾಗಲೆಲ್ಲ ಒಂದೇ ಜಾಗದಲ್ಲಿ ರಕ್ತ. ಬಲಗಡೆಯ ಹೊಳ್ಳೆ ಕೆನ್ನೆಗೆ ಕೂಡುವ ಸಂದಿನಲ್ಲಿ. ಪಟಿಕ ಒರೆಸಿದರೆ ನಿಲ್ಲುತ್ತದೆ, ಮಾರನೆಯ ಬೆಳಿಗ್ಗೆ ಮತ್ತೆ ಬರುತ್ತದೆ. ಮೊದಲು ಬ್ಲೇಡು ಬದಲಾಯಿಸಿದ, ಆಮೇಲೆ ಸೋಪು ಬದಲಾಯಿಸಿದ. ಕೊನೆಗೆ ತಪ್ಪು ಯಾರದೆಂದು ಹುಡುಕುತ್ತಾ ತನ್ನ ಕೈಗೇ ಬಂದು ನಿಂತ.

ಅದಕ್ಕೊಂದು ಹಿನ್ನೆಲೆ ಇತ್ತು. ಅವನ ಅಪ್ಪನದೂ ಇದೇ ಕೆಲಸ. ಐವತ್ತೈದು ದಾಟುತ್ತಿದ್ದಂತೆ ಅಪ್ಪನ ಕೈ ನಡುಗತೊಡಗಿ, ಒಂದು ದಿನ ಕತ್ತಿ ಜಾರಿ ಗಿರಾಕಿಯೊಬ್ಬನ ಕಿವಿಯ ತುದಿಗೆ ಇಳಿಯಿತು. ಆಮೇಲೆ ಆ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಮುದುಕ ಒಂಬತ್ತು ವರ್ಷ ಮಗನ ಅಂಗಡಿಯ ಬೆಂಚಿನ ಮೇಲೆ ತನ್ನ ಕೈಗಳನ್ನೇ ನೋಡಿಕೊಂಡು ಕೂತು ತೀರಿಹೋದ. ಮಗನಿಗೆ ಆ ಬೆಂಚು ಕಣ್ಣ ಮುಂದೆಯೇ ಇತ್ತು.

“ನನ್ನ ಮುಖ ಕುಯ್ಕೊಂಡ್ರೆ ಪಟಿಕ ಹಚ್ಕೋತೀನಿ. ಬೇರೆಯೋರ ಮುಖ ಕುಯ್ದ್ರೆ ಏನು ಹಚ್ಲಿ ಕನ್ನಡ್ಕ?” ಅಂದ. ನನ್ನನ್ನು ಅವನು ಕರೆಯುವುದು ಹಾಗೆಯೇ, ಕನ್ನಡ್ಕ.

ಬೇರೆ ಯಾರಾದರೂ ಆಗಿದ್ದರೆ ವಾಸಿಯಾಗದ ಹುಣ್ಣು ಅಂತ ಆರು ತಿಂಗಳಲ್ಲಿ ಯಾರಿಗಾದರೂ ತೋರಿಸುತ್ತಿದ್ದರು. ಗಾಯ ಅಂದರೆ ಕೈತಪ್ಪು, ಕೈತಪ್ಪು ಅಂದರೆ ಮಾನ ಹೋಯಿತು ಅಂತ ಲೆಕ್ಕ ಹಾಕಿ ಎರಡು ವರ್ಷ ಮುಚ್ಚಿಟ್ಟುಕೊಳ್ಳುವುದು ಕ್ಷೌರಿಕನಿಗೆ ಮಾತ್ರ ಸಾಧ್ಯ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ. ಇವನ ಹುಣ್ಣಿಗೆ ಗೋಡೆ ತುಂಬ ಕನ್ನಡಿಯಿತ್ತು, ಆದರೂ ಕಾಣಲಿಲ್ಲ.

ನಾನು ನನ್ನ ಅಂಗಡಿಯಿಂದ ಒಂದು ಸಡಿಲವಾದ ಕನ್ನಡಕವನ್ನೂ ಸಣ್ಣ ಸ್ಕ್ರೂಡ್ರೈವರನ್ನೂ ತಂದು ಅವನ ಮುಂದಿಟ್ಟೆ. ಕನ್ನಡಕದ ಕಡ್ಡಿಯ ಸ್ಕ್ರೂ ಇರುವೆಯ ತಲೆಗಿಂತ ದೊಡ್ಡದಲ್ಲ, ನನಗೇ ಎರಡು ಸಲ ಜಾರುತ್ತದೆ. ಅವನು ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಕೂರಿಸಿ ತಿರುಗಿಸಿಬಿಟ್ಟ. ಕೈ ಒಂದಿಷ್ಟೂ ಅಲುಗಲಿಲ್ಲ. ಕೈ ಕೆಟ್ಟಿಲ್ಲ ಮಾರಾಯ ಅಂತ ನಾನು ನಕ್ಕೆ. ಅವನಿಗೆ ನಗು ಬರಲಿಲ್ಲ. ಕೈ ಕೆಟ್ಟಿಲ್ಲದಿದ್ದರೆ ರಕ್ತ ಯಾಕೆ ಅಂತ ಕೇಳಿದ.

ಅವನನ್ನು ನನ್ನ ಮೇಜಿನ ದೀಪದ ಕೆಳಗೆ ಕೂರಿಸಿ, ಭೂತಗನ್ನಡಿ ಹಿಡಿದು ಆ ಸಂದನ್ನು ನೋಡಿದೆ. ಅವರೆಕಾಳಿನಷ್ಟು ಅಗಲದ ಗುಳಿ, ನಡುವೆ ಹಕ್ಕಳೆ. ಸುತ್ತಲೂ ಒಂದು ದಂಡೆ ಎದ್ದಿತ್ತು. ಆ ದಂಡೆ ಮೇಣ ಸವರಿದ ಹಾಗೆ ಮಿರುಗುತ್ತಿತ್ತು, ಅದರ ಮೇಲೆ ಕೆಂಪು ದಾರದಂಥ ನರಗಳು. ನಾನು ಡಾಕ್ಟರಲ್ಲ, ಆದರೆ ಬ್ಲೇಡಿನ ಗೀರಿಗೆ ದಂಡೆ ಇರುವುದಿಲ್ಲ ಅನ್ನುವಷ್ಟು ಗೊತ್ತಿತ್ತು. ಊರಿನವರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡುವ ನಾನು ಎರಡು ವರ್ಷ ಆ ಮುಖದಿಂದ ಗೇಣುದ್ದ ದೂರದಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಚರ್ಮದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಚಿಕ್ಕ ಕೈಗಳು. ದೀಪವಿದ್ದ ಲೆನ್ಸಿನಲ್ಲಿ ಅರ್ಧ ನಿಮಿಷ ನೋಡಿದರು. ಬಿಸಿಲಲ್ಲಿ ಕೆಲಸ ಮಾಡಿದ್ದೀರಾ ಅಂತ ಕೇಳಿದರು. ಈ ಅಂಗಡಿ ಹಿಡಿಯುವ ಮೊದಲು ಹನ್ನೆರಡು ವರ್ಷ ಬಸ್ ಸ್ಟ್ಯಾಂಡಿನ ಕಾಂಪೌಂಡ್ ಗೋಡೆಗೆ ಕನ್ನಡಿ ತೂಗುಹಾಕಿ ಬಯಲಲ್ಲೇ ಕ್ಷೌರ ಮಾಡುತ್ತಿದ್ದೆ, ಮಧ್ಯಾಹ್ನದಿಂದ ಸಂಜೆಯವರೆಗೆ ಬಲಗೆನ್ನೆಗೆ ಬಿಸಿಲು ಅಂದ. ಅಲ್ಲಿ ಮರ ಇರಲಿಲ್ಲವೇ ಅಂದರೆ, ಇತ್ತು, ಅದರ ಕೆಳಗೆ ಬೇರೆಯವನ ಕುರ್ಚಿ ಇತ್ತು ಅಂದ. ಡಾಕ್ಟರು ನಕ್ಕು, ಮರಗಟ್ಟಿಸುವ ಸೂಜಿ ಕೊಟ್ಟು, ಪರೀಕ್ಷೆಗೆಂದು ಸಾಸಿವೆಯಷ್ಟು ತುಂಡು ತೆಗೆದರು. ನಾನು ಗೋಡೆಯ ಕಡೆ ತಿರುಗಿ ನಿಂತಿದ್ದೆ.

ವಾಪಸು ಬರುವಾಗ ಅವನು ನೋವಿನ ಮಾತೇ ಎತ್ತಲಿಲ್ಲ. ಡಾಕ್ಟರ ಕೈಯ ಬಗ್ಗೆ ಹೇಳಿದ. “ಕಿರುಬೆರಳು ಮೊದ್ಲು ಕೆನ್ನೆ ಮೇಲೆ ಊರ್ತಾರೆ, ಆಮೇಲೇ ಬ್ಲೇಡು. ಯಾರೋ ಚೆನ್ನಾಗಿ ಕಲಿಸಿದ್ದಾರೆ.” ಅದು ಅವನ ಅಪ್ಪ ಅವನಿಗೆ ಕಲಿಸಿದ ಮೊದಲ ಪಾಠವಂತೆ. ಬೆರಳು ಊರಿದ್ದರೆ ಗಿರಾಕಿ ಬೆಚ್ಚಿಬಿದ್ದರೂ ಕೈ ಅವನ ಮುಖದ ಜೊತೆಗೇ ಹೋಗುತ್ತದೆ, ಕತ್ತಿ ಇಳಿಯುವುದಿಲ್ಲ.

ವರದಿ ಬರಲು ಎಂಟು ದಿನ. ಮನೆಯಲ್ಲಿ ಹೇಳಕೂಡದು ಅಂತ ನನ್ನಿಂದ ಮಾತು ತೆಗೆದುಕೊಂಡ. ಅತ್ತಿಗೆ, ಅಂದರೆ ಅವನ ಹೆಂಡತಿ, ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಾಳೆ. ಬಟ್ಟೆಗೆ ಗುಂಡಿ ಹೊಲಿಸಲು ಹೋದರೂ ಎದುರಿಗಿರುವವರ ಹೊಟ್ಟೆಯಲ್ಲಿ ಏನಿದೆ ಅಂತ ಹೇಳಿಬಿಡುವ ಹೆಂಗಸು. ಆ ಎಂಟು ದಿನ ನಾನು ಅವಳ ಮನೆ ತಪ್ಪಿಸಿ ಹಿಂದಿನ ಬೀದಿಯಿಂದ ಓಡಾಡಿದೆ. ಗೋಡೆಯಾಚೆ ಕತ್ತರಿಯ ಸದ್ದು ನಿಂತರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಗೋಡೆಗೆ ಕಿವಿ ಕೊಡುತ್ತಿದ್ದೆ.

“ಇದು ಚರ್ಮದ ಕ್ಯಾನ್ಸರ್,” ಅಂದರು ಡಾಕ್ಟರು. “ಆದ್ರೆ ನೀವು ಮನಸ್ಸಲ್ಲಿ ಅಂದ್ಕೊಂಡಿದ್ದೀರಲ್ಲ, ಆ ಥರದ್ದಲ್ಲ.”

ಎರಡನೆಯ ವಾಕ್ಯ ನಮ್ಮಿಬ್ಬರ ಕಿವಿಗೂ ಬೀಳಲಿಲ್ಲ. ಡಾಕ್ಟರು ತಾಳ್ಮೆಯಿಂದ ಮತ್ತೆ ಮೊದಲಿಂದ ಹೇಳಿದರು. ಚರ್ಮದ ಕ್ಯಾನ್ಸರುಗಳಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯವಾದದ್ದು. ಬೆಳ್ಳಗಿರುವವರಿಗೆ ಹೆಚ್ಚು, ಹಾಗಂತ ಕಂದು ಬಣ್ಣದವರನ್ನು ಬಿಡುತ್ತದೆ ಅಂತಲ್ಲ. ನಿಧಾನವಾಗಿ ಬೆಳೆಯುತ್ತದೆ, ಮೈಯ ಬೇರೆ ಕಡೆಗೆ ಹರಡುವುದು ತೀರ ಅಪರೂಪ, ಇದರಿಂದ ಸಾಯುವವರು ಬಹಳ ಕಡಿಮೆ. ಆದರೆ ಬಿಟ್ಟರೆ ಕೂತ ಜಾಗವನ್ನೇ ತಿನ್ನುತ್ತಾ ಹೋಗುತ್ತದೆ. ಇವನದು ಕೂತಿರುವುದು ಮೂಗಿನ ಸಂದಿನಲ್ಲಿ, ಅಲ್ಲಿಂದ ಕಣ್ಣಿನ ಮೂಲೆಗೆ ಎರಡು ಬೆರಳು ದೂರ.

ಆಮೇಲೆ ಚಿಕಿತ್ಸೆಯ ದಾರಿಗಳು. ಬೆನ್ನಿನ ಮೇಲೋ ತೋಳಿನ ಮೇಲೋ ಚಿಕ್ಕದಾಗಿ ಬಂದಿದ್ದರೆ ಕೆರೆದು ಸುಡಬಹುದು, ವಿಪರೀತ ತಣ್ಣನೆಯ ದ್ರವ ಬಿಟ್ಟು ಹೆಪ್ಪುಗಟ್ಟಿಸಿ ಉದುರಿಸಬಹುದು. ಮೇಲ್ಪದರದಲ್ಲೇ ಇದ್ದರೆ ವಾರಗಟ್ಟಲೆ ಮುಲಾಮು ಹಚ್ಚಬಹುದು, ಔಷಧಿ ಹಚ್ಚಿ ಅದರ ಮೇಲೆ ಒಂದು ಬಗೆಯ ಬೆಳಕು ಬಿಡುವುದೂ ಉಂಟು. ಆಪರೇಷನ್ ತಡೆಯಲಾರದ ವಯಸ್ಸಾದವರಿಗೆ ವಿಕಿರಣ ಕೊಡುತ್ತಾರೆ, ಅದಕ್ಕೆ ಹಲವಾರು ಸಲ ಓಡಾಡಬೇಕು. ಇಷ್ಟರಲ್ಲಿ ನನಗೆ ಕೇಳಿಸಿದ್ದು ‘ಸುಡು’ ಎಂಬ ಒಂದು ಮಾತು, ಅವನಿಗೆ ಕೇಳಿಸಿದ್ದು ‘ಮುಲಾಮು’ ಎಂಬ ಒಂದು ಮಾತು. ಮುಲಾಮೇ ಕೊಡಿ ಅಂದ.

ಡಾಕ್ಟರು ಆಗುವುದಿಲ್ಲ ಅಂದರು. ಇವನದು ಮೇಲೆ ಅವರೆಕಾಳಿನಷ್ಟು ಕಂಡರೂ ಒಳಗೆ ಸಣ್ಣ ಬೇರುಗಳಂತೆ ಚಾಚಿಕೊಳ್ಳುವ ಜಾತಿಯದು, ಅಂಚು ಎಲ್ಲಿ ಮುಗಿಯುತ್ತದೆಂದು ಕಣ್ಣಿಗೆ ತಿಳಿಯದು. ಮುಲಾಮು ಹಚ್ಚಿದರೆ ಮೇಲೆ ಮಾಯುತ್ತದೆ, ಒಳಗೆ ಬೆಳೆಯುತ್ತಿರುತ್ತದೆ. “ಬೋಳಿಸಿದ ಮಾತ್ರಕ್ಕೆ ಗಡ್ಡ ಹೋಗುತ್ತಾ? ನಿಮಗೆ ನಾನು ಹೇಳ್ಬೇಕಾ?” ಅಂದರು. ಸುತ್ತಲಿನ ಒಳ್ಳೆಯ ಚರ್ಮವನ್ನೂ ಒಂದಿಷ್ಟು ಸೇರಿಸಿ ಒಂದೇ ಸಲಕ್ಕೆ ಕತ್ತರಿಸಿ ತೆಗೆಯುವುದೂ ಇದೆ. ಆದರೆ ಮೂಗಿಗೂ ಕಣ್ಣಿಗೂ ನಡುವೆ ಒಂದಿಷ್ಟು ಅನ್ನಲು ಜಾಗವೆಲ್ಲಿ? ಆದ್ದರಿಂದ ಇದಕ್ಕೆ ಪದರ ಪದರವಾಗಿ ತೆಗೆಯುವುದೇ ಮೇಲು. ಒಂದು ತೆಳು ಪದರ ತೆಗೆದು, ರೋಗಿಯನ್ನು ಕೂರಿಸಿ, ಅದರ ಅಂಚನ್ನೆಲ್ಲ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಎಲ್ಲಿ ಉಳಿದಿದೆಯೋ ಅಲ್ಲಿ ಮಾತ್ರ ಇನ್ನೊಂದು ಪದರ. ಪೂರ್ತಿ ಹೋಗುವವರೆಗೆ ಹೀಗೆಯೇ. ಬುಧವಾರಗಳಲ್ಲಿ ಅವರೇ ದೊಡ್ಡಾಸ್ಪತ್ರೆಗೆ ಹೋಗಿ ಇದನ್ನು ಮಾಡುತ್ತಾರಂತೆ. ನಾಲ್ಕು ವಾರ ಬಿಟ್ಟು ಬರುವ ಬುಧವಾರಕ್ಕೆ ಹೆಸರು ಬರೆದುಕೊಂಡರು.

ಎಷ್ಟು ಪದರ ಅಂತ ಕೇಳಿದ. ತೆಗೆಯೋವರೆಗೂ ಗೊತ್ತಾಗಲ್ಲ ಅಂದರು.

ಆ ಉತ್ತರವೇ ಅವನನ್ನು ಕೊಂದಿತು. ಅಂಗಡಿಗೆ ಬಂದು ಗಿರಾಕಿಯ ಕುರ್ಚಿಯಲ್ಲಿ ತಾನೇ ಕೂತ. ಅವನು ಅದರಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. “ನಲವತ್ತು ವರ್ಷ ಜನರ ಗಂಟಲ ಮೇಲೆ ಕತ್ತಿ ಆಡ್ಸಿದ್ದೀನಿ. ಅವ್ರು ಕಣ್ಮುಚ್ಕೊಂಡು ನಿದ್ದೆ ಹೊಡೆಯೋರು. ಅದು ಹೇಗೆ ಆಗ್ತಿತ್ತು ಅವ್ರಿಗೆ ಅಂತ ಈಗ ಅರ್ಥಾನೇ ಆಗ್ತಿಲ್ಲ,” ಅಂದ. ಇನ್ನೊಬ್ಬರ ಕತ್ತಿಯ ಕೆಳಗೆ ಮುಖ ಕೊಟ್ಟು ಮಲಗುವುದು, ಅದೂ ಎಷ್ಟು ಕತ್ತರಿಸುತ್ತಾರೆಂದು ತಿಳಿಯದೆ, ತನ್ನಿಂದ ಆಗದ ಕೆಲಸ ಅಂದ. ನಾನು ಧೈರ್ಯ ಹೇಳಬೇಕಿತ್ತು. ಧೈರ್ಯ ನನ್ನಲ್ಲಿ ಇದ್ದರಲ್ಲವೇ ಹೇಳುವುದು?

ಅವನು ಗಡ್ಡ ಬಿಟ್ಟ. ಕ್ಷೌರಿಕನೇ ಗಡ್ಡ ಬಿಟ್ಟರೆ ಬೀದಿ ಸುಮ್ಮನಿರುತ್ತದೆಯೇ? ಅಡುಗೆಯವನು ಉಪವಾಸ ಬಿದ್ದ ಹಾಗಾಯಿತು ಅಂತ ಬೇಕರಿಯವನು ನಗಾಡಿದ. ಮೀಸೆಯೂ ದಪ್ಪಗಾಗಿ ಮೇಲೇರಿತು. ಕತ್ತಿ ತಾಗದಿದ್ದರಿಂದ ರಕ್ತ ನಿಂತಿತು. ಡಾಕ್ಟರು ತುಂಡು ತೆಗೆದ ಜಾಗಕ್ಕೆ ಹೊಸ ಚರ್ಮ ಬಂದು ಗುಳಿಯೂ ಮುಚ್ಚಿದ ಹಾಗೆ ಕಂಡಿತು. ಮೂರನೆಯ ವಾರ ಅವನು ಗೋಡೆ ತಟ್ಟಿ ನನ್ನನ್ನು ಕರೆದು, ಮೀಸೆ ಸರಿಸಿ ತೋರಿಸಿದ. ಅವರು ಪರೀಕ್ಷೆಗೆ ಅಂತ ತೆಗೆದಾಗಲೇ ಎಲ್ಲ ಹೋಗಿರಬೇಕು ಅಂದ. ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಕಳೆ ಇತ್ತು. ನಾನು ಭೂತಗನ್ನಡಿ ತರಬೇಕಿತ್ತು, ತರಲಿಲ್ಲ. ನನಗೂ ನಂಬಬೇಕೆನಿಸಿತ್ತು. ಹೌದು, ವಾಸಿಯಾದಂತಿದೆ ಅಂದುಬಿಟ್ಟೆ. ಈ ಜನ್ಮದಲ್ಲಿ ಆಡಿದ ಸುಳ್ಳುಗಳಲ್ಲಿ ಅದೊಂದನ್ನು ನಾನು ಮರೆತಿಲ್ಲ.

ಗೊತ್ತಾಗಿದ್ದ ಬುಧವಾರ ಬಂತು. ಅಂದು ಬೆಳಿಗ್ಗೆ ಇಬ್ಬರೂ ಎಂದಿನ ಹಾಗೆ ಶಟರು ಎತ್ತಿದೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮತ್ತೆ ಹತ್ತು ವಾರ ಕಳೆದಿರಬೇಕು. ಒಂದು ಶನಿವಾರ ಕಟಿಂಗಿಗೆಂದು ಅವನ ಕುರ್ಚಿಯಲ್ಲಿ ಕೂತಿದ್ದೆ. ಬೆಂಚಿನ ಮೇಲೆ ಮೂರು ಜನ ಕಾಯುತ್ತಿದ್ದರು. ಅವನು ನನ್ನ ಕೊರಳಿಗೆ ಬಿಳಿ ಬಟ್ಟೆ ಕಟ್ಟಿ, ಕಿವಿಯ ಹಿಂದೆ ಕತ್ತರಿ ಆಡಿಸುತ್ತಾ ಬಗ್ಗಿದ್ದ. ಎದೆಯ ಮೇಲಿನ ಬಟ್ಟೆಯಲ್ಲಿ ಒಂದು ಕೆಂಪು ಚುಕ್ಕಿ ಬಿತ್ತು. ಅದರ ಪಕ್ಕದಲ್ಲಿ ಇನ್ನೊಂದು. ನಾನು ಹಾವು ತುಳಿದವನ ಹಾಗೆ ಚೀರಿ ಎದ್ದೆ. ಬಟ್ಟೆಯ ಕೆಳಗಿಂದ ನನ್ನ ಕೈ ಹೊರಗೆ ಬಂದು ಸೀದಾ ಕಿವಿಗೆ ಹೋಯಿತು.

ಕಿವಿಗೆ ಏನೂ ಆಗಿರಲಿಲ್ಲ. ಕನ್ನಡಿಯಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು. ಅವನ ಮೂಗಿನ ಸಂದಿನಿಂದ ರಕ್ತ ಮೀಸೆಗೆ ಇಳಿದು ತೊಟ್ಟಿಕ್ಕುತ್ತಿತ್ತು. ಅವನು ಅದನ್ನು ನೋಡುತ್ತಿರಲಿಲ್ಲ, ಕಿವಿ ಹಿಡಿದ ನನ್ನ ಕೈಯನ್ನು ನೋಡುತ್ತಿದ್ದ. ಕೈ ಕೆಟ್ಟಿಲ್ಲ ಅಂತ ಸ್ಕ್ರೂಡ್ರೈವರ್ ಕೊಟ್ಟು ಸಾಬೀತು ಮಾಡಿದವನು ನಾನೇ. ಇಪ್ಪತ್ತೆಂಟು ವರ್ಷದ ನಂಬಿಕೆ ಒಂದು ಹನಿಗೆ ಹಾರಿಹೋಗಿತ್ತು. ಬೆಂಚಿನಲ್ಲಿದ್ದವರು ಒಬ್ಬೊಬ್ಬರಾಗಿ, ಆಮೇಲೆ ಬರುತ್ತೇವೆ ಅಂತ ಎದ್ದುಹೋದರು. ಅವನು ಬಟ್ಟೆ ಬಿಚ್ಚಿ ಮಡಚಿ, ಮಡಚಿ, ಅಂಗೈಯಷ್ಟು ಮಾಡಿದ. ನಾಚಿಕೆಯಿಂದ ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ನಾನು ಮಾತು ಮುರಿದೆ. ಅಲ್ಲಿಂದ ನೇರ ಅತ್ತಿಗೆಯ ಮನೆಗೆ ಹೋಗಿ ಹೊಲಿಗೆ ಮಿಷನ್ನಿನ ಮುಂದೆ ನಿಂತು ಎಲ್ಲವನ್ನೂ ಒದರಿಬಿಟ್ಟೆ. ಅವಳು ಕಾಲು ತೆಗೆಯದೆ ಆ ಹೊಲಿಗೆ ಮುಗಿಸಿದಳು, ದಾರ ಕತ್ತರಿಸಿದಳು. “ಎರಡು ವರ್ಷದಿಂದ ದಿಂಬಿನ ಕವರು ಒಗೀತಿರೋದು ನಾನು,” ಅಂದಳು. ರಕ್ತದ ಕಲೆ ಅವಳಿಗೆ ಗೊತ್ತಿತ್ತು. ಎಲ್ಲಿಂದ ಬರುತ್ತದೆಂದು ಮಾತ್ರ ಗೊತ್ತಿರಲಿಲ್ಲ. ಕೆಮ್ಮಿನಲ್ಲಿ ರಕ್ತ ಬರುತ್ತಿದೆ, ಅದನ್ನು ಮುಚ್ಚಿಡುತ್ತಿದ್ದಾರೆ ಅಂತ ಅಂದುಕೊಂಡು, ಕೇಳಿದರೆ ನಿಜವಾಗಿಬಿಡುತ್ತದೆಂಬ ಭಯಕ್ಕೆ ಕೇಳದೆ ಇದ್ದಳಂತೆ. ಮೂರು ಜನ ಒಂದೇ ಗಾಯಕ್ಕೆ ಹೆದರಿ ಮೂರು ಕಡೆ ಬಾಯಿ ಮುಚ್ಚಿಕೊಂಡು ಕೂತಿದ್ದೆವು.

ಆ ರಾತ್ರಿಯೇ ಅತ್ತಿಗೆ ಅವನನ್ನು ಒಪ್ಪಿಸಿದಳು, ನಾನು ಮತ್ತೆ ಹೆಸರು ಬರೆಸಿದೆ. ಮುಂದಿನ ಬುಧವಾರ ಮೊದಲ ಬಸ್ಸಿಗೆ ಮೂವರೂ ದೊಡ್ಡಾಸ್ಪತ್ರೆಗೆ ಹೊರಟೆವು. ಡಾಕ್ಟರು ಬೈಯಲಿಲ್ಲ. ಗಡ್ಡ ಬೋಳಿಸಿಕೊಂಡು ಬಂದಿದ್ದ ಅವನ ಮುಖವನ್ನು ತಿರುಗಿಸಿ ನೋಡಿ, ಅಂದುಕೊಂಡದ್ದಕ್ಕಿಂತ ಸ್ವಲ್ಪ ಹೆಚ್ಚು ತೆಗೆಯಬೇಕಾಗಬಹುದು ಅಂತಷ್ಟೇ ಹೇಳಿದರು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಂದವರು ನಾವೇ, ಯಾರನ್ನು ದೂರುವುದು? ಅವನು ಒಳಗೆ ಹೋಗುವಾಗ ಅಂಗಿಯ ಮೇಲಿನ ಗುಂಡಿ ಬಿಚ್ಚಲು ಒದ್ದಾಡಿದ. ಆ ಕೈ ನಡುಗಿದ್ದನ್ನು ನಾನು ಅಂದು ಮೊದಲ ಸಲ ನೋಡಿದೆ.

ಇಪ್ಪತ್ತು ನಿಮಿಷಕ್ಕೆ ಮೂಗಿನ ಮೇಲೆ ಬಿಳಿ ಪಟ್ಟಿ ಹಾಕಿಕೊಂಡು ಹೊರಗೆ ಬಂದು ನಮ್ಮ ನಡುವೆ ಕೂತ. ತೆಗೆದ ಪದರ ಒಳಗಿನ ಕೋಣೆಯಲ್ಲಿ ಪರೀಕ್ಷೆಯಾಗುತ್ತಿತ್ತು. ನೋವಿಲ್ಲ, ಆದರೆ ಕತ್ತರಿಸುವ ಸದ್ದು ಮೂಳೆಗೆ ಕೇಳುತ್ತದೆ ಅಂದ. ಗೋಡೆಯ ಗಡಿಯಾರ ಸತ್ತಿದೆಯೋ ಎಂದು ನಾನು ಎರಡು ಸಲ ನನ್ನ ವಾಚು ನೋಡಿಕೊಂಡೆ. ಒಂದೂಕಾಲು ಗಂಟೆಯಾದ ಮೇಲೆ ನರ್ಸ್ ಬಂದು, ಇನ್ನೂ ಇದೆಯಂತೆ, ಬನ್ನಿ ಅಂದಳು. ಅವನು ಎದ್ದುಹೋದ, ಬಂದ, ಮತ್ತೆ ಕೂತೆವು. ಅತ್ತಿಗೆ ತಂದಿದ್ದ ಹೊಲಿಗೆ ಅವಳ ಮಡಿಲಲ್ಲಿ ಹಾಗೆಯೇ ಇತ್ತು.

ಎರಡನೆಯ ಸಲ ಡಾಕ್ಟರೇ ಬಂದರು. ಕೆಳಗೆ, ಮೂಗಿನ ಕಡೆ ಎಲ್ಲ ಶುದ್ಧವಾಗಿದೆ, ಮೇಲಿನ ಅಂಚಿನಲ್ಲಿ ಒಂದು ಎಳೆ ಉಳಿದಿದೆ ಅಂದರು. ಮೇಲಿನ ಅಂಚು ಅಂದರೆ ಕಣ್ಣಿನ ಕಡೆ. ಸಿದ್ಧ ಮಾಡಿಕೊಳ್ಳಲು ಅವರು ಒಳಗೆ ಹೋದದ್ದೇ ತಡ, ಬೆಣ್ಣೆಯಣ್ಣ ಎದ್ದು ಚಪ್ಪಲಿ ಹುಡುಕಿದ.

“ಸಾಕು. ಮನೆಗೆ ಹೋಗೋಣ.”

ನಿಜ ಹೇಳಬೇಕೆಂದರೆ ನಾನೂ ಎದ್ದು ನಿಂತಿದ್ದೆ. ಅತ್ತಿಗೆ ಏಳಲಿಲ್ಲ. ಅವನ ಅಂಗಿಯ ಚುಂಗು ಹಿಡಿದು ಕೂತೇ ಕೇಳಿದಳು. “ನಿಮ್ಮ ಕುರ್ಚೀಲಿ ಅರ್ಧ ಗಡ್ಡ ಆದ್ಮೇಲೆ ಯಾರಾದ್ರೂ ಎದ್ದು ಹೋಗಿದ್ದಾರಾ?”

ಅವನು ಯೋಚಿಸಿದ. ನಿಜವಾಗಿಯೂ ಯೋಚಿಸಿದ. “ಇಲ್ಲ.”

“ಮತ್ತೆ?”

ಅವನು ಚಪ್ಪಲಿ ಬಿಟ್ಟು ಒಳಗೆ ಹೋದ.

ಮೂರನೆಯ ಪದರದ ಅಂಚು ಶುದ್ಧವಾಗಿತ್ತು. ಕಣ್ಣು ಉಳಿಯಿತು. ಆಮೇಲೆ ಕೆನ್ನೆಯ ಚರ್ಮವನ್ನೇ ಬಿಡಿಸಿ ಎಳೆದು, ಕೋಟಿನ ಗುಂಡಿಯಷ್ಟು ಅಗಲದ ಹಳ್ಳವನ್ನು ಮುಚ್ಚಿ ಹೊಲಿದರು. ಹೊಲಿಗೆ ಹೇಗಿದೆ ಅಂತ ಅವನು ಹೆಂಡತಿಯನ್ನು ಕೇಳಿದ. ಒಳ್ಳೆಯ ಕೈ, ಸಣ್ಣ ಹೊಲಿಗೆ ಅಂತ ಹೇಳಿ ಅವಳು ಅಲ್ಲಿಯವರೆಗೆ ತಡೆದಿದ್ದ ಅಳುವನ್ನೆಲ್ಲ ಆಸ್ಪತ್ರೆಯ ಮೆಟ್ಟಿಲ ಮೇಲೆ ಅತ್ತಳು.

ಈಗ ಅವನ ಮೂಗಿನಿಂದ ಕಣ್ಣಿನ ಕೆಳಗಿನವರೆಗೆ ಒಂದು ಬಿಳಿ ಗೆರೆ ಇದೆ. ಬಲಗಡೆಯ ಹೊಳ್ಳೆ ಒಂದಿಷ್ಟು ಮೇಲಕ್ಕೆ ಎಳೆದುಕೊಂಡು, ಸದಾ ಏನೋ ವಾಸನೆ ಹಿಡಿಯುತ್ತಿರುವವನ ಹಾಗೆ ಕಾಣುತ್ತಾನೆ. ಭಯ ಪೂರ್ತಿ ಹೋಗಿಲ್ಲ. ಒಮ್ಮೆ ಬಂದವರಿಗೆ ಬೇರೆ ಜಾಗದಲ್ಲಿ ಮತ್ತೆ ಬರಬಹುದಂತೆ, ಆರು ತಿಂಗಳಿಗೊಮ್ಮೆ ತೋರಿಸಬೇಕು. ಹೊರಗೆ ಕಾಲಿಟ್ಟರೆ ಅಗಲ ಅಂಚಿನ ಟೋಪಿ. ಭಾನುವಾರಗಳಂದು ನನ್ನ ದೀಪದ ಕೆಳಗೆ ಅವನ ಮುಖ ನಾನು ನೋಡುತ್ತೇನೆ, ನನ್ನ ಮುಖ ಅವನು ನೋಡುತ್ತಾನೆ. ಒಂದು ಮೊಡವೆ ಕಂಡರೂ ಇಬ್ಬರ ಬಾಯಿಯೂ ಒಣಗುತ್ತದೆ.

ಆದರೆ ಬೋರ್ಡಿನ ಮೇಲಿನ ಕ್ಯಾಲೆಂಡರ್ ಹಾಳೆ ಹಾಗೆಯೇ ಇತ್ತು. ತಿಂಗಳು ಕಳೆಯಿತು, ಎರಡಾಯಿತು, ಅವನು ಕತ್ತಿ ಮುಟ್ಟಲಿಲ್ಲ. ತಪ್ಪು ಕೈಯದಲ್ಲ ಅಂತ ಅವನಿಗೆ ಈಗ ಗೊತ್ತು. ಹಾಗಾದರೆ ಯಾಕೆ ಅಂತ ಅತ್ತಿಗೆ ನನ್ನನ್ನು ಕೇಳಿದಳು. ಗೊತ್ತಿಲ್ಲ ಅಂದೆ. ಗೊತ್ತಿತ್ತು. ಅಂದು ಅವನು ಕನ್ನಡಿಯಲ್ಲಿ ಕಂಡ, ಕಿವಿ ಹಿಡಿದ ಕೈಯನ್ನು ನಾನೂ ಕಂಡಿದ್ದೆನಲ್ಲ.

ಐದು ದಿನ ಗಡ್ಡ ಬಿಟ್ಟು, ಆರನೆಯ ದಿನ ಬೆಳಿಗ್ಗೆ ಹೋಗಿ ಅವನ ಕುರ್ಚಿಯಲ್ಲಿ ಕೂತೆ. ಬೆಂಚಿನ ಮೇಲೆ ಇಬ್ಬರಿದ್ದರು, ಇರಲಿ ಅಂತಲೇ ಆ ಹೊತ್ತಿಗೆ ಹೋಗಿದ್ದೆ. ಅವನು ಕತ್ತರಿ ಎತ್ತಿಕೊಂಡ. ಕಟಿಂಗ್ ಅಲ್ಲ, ಗಡ್ಡ ಅಂದೆ. ಅವನು ಕತ್ತರಿ ಕೆಳಗಿಟ್ಟು ನನ್ನ ಕಿವಿಯ ಹತ್ತಿರ ಬಗ್ಗಿದ.

“ಭಯ ಆಗಲ್ವಾ?” ಅಂದ, ನನಗೆ ಮಾತ್ರ ಕೇಳುವಂತೆ.

“ಆಗುತ್ತೆ.”

“ನನಗೂ ಆಗ್ತಿದೆ.”

ಬಿಳಿ ಬಟ್ಟೆ ಕಟ್ಟಿದ. ನೊರೆ ಹಚ್ಚಿದ. ಹೊಸ ಬ್ಲೇಡನ್ನು ಅರ್ಧಕ್ಕೆ ಮುರಿದು ಕತ್ತಿಗೆ ಕೂರಿಸಿದ ಸದ್ದು ಕೇಳಿಸಿತು. ನಾನು ಕಣ್ಣು ಮುಚ್ಚಿ, ಬಟ್ಟೆಯ ಕೆಳಗೆ ಕುರ್ಚಿಯ ಎರಡೂ ಹಿಡಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವನ ಕಿರುಬೆರಳು ಬಂದು ನನ್ನ ಕೆನ್ನೆಯ ಮೇಲೆ ಊರಿತು. ಅದರ ಹಿಂದೆಯೇ ಕತ್ತಿ ಬಂತು.

ಕಿವಿಯ ಕೆಳಗೆ ಬಂದಾಗ ಅದು ನಿಂತಿತು. ಕಣ್ಣು ತೆರೆದೆ. ಅವನು ಕನ್ನಡಿಯಲ್ಲಿ ನನ್ನ ಕೈಗಳನ್ನು ಹುಡುಕುತ್ತಿದ್ದ. ಎರಡೂ ಬಟ್ಟೆಯ ಕೆಳಗೇ ಇದ್ದವು.